ಬೇಡನ ಹಿಂದೆ ಹಗ್ಗ ಹಿಡಿದವರು

ಶಿರಸಿಯವರಿಗೆ ವರ್ಷ ಲೆಕ್ಕ ಹಾಕಲು ಕ್ಯಾಲೆಂಡರ್ ಬೇಕಾಗಿಲ್ಲ. ನಮ್ಮ ಅಮ್ಮನ ಹತ್ತಿರ "ಚಿಕ್ಕಪ್ಪನ ಮದುವೆ ಯಾವ ಇಸವಿ?" ಅಂತ ಕೇಳಿ ನೋಡಿ. ಇಸವಿ ಬರುವುದಿಲ್ಲ. "ಅದು ಜಾತ್ರೆ ವರ್ಷ ಅಲ್ಲ, ಬೇಡನ ವರ್ಷ. ಹಲಗೆ ಬಡಿಯುವ ಸದ್ದಿಗೆ ನಿನ್ನ ಅಣ್ಣ ತೊಟ್ಟಿಲಲ್ಲಿ ಬೆಚ್ಚಿ ಬೀಳುತ್ತಿದ್ದ" ಅನ್ನುತ್ತಾರೆ. ಅಷ್ಟು ಹೇಳಿದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ.

ಒಂದು ವರ್ಷ ಮಾರಿಕಾಂಬಾ ಜಾತ್ರೆ, ಮರುವರ್ಷ ಹೋಳಿಗೆ ಬೇಡರ ವೇಷ, ಅಂದರೆ ಬೇಡನ ವೇಷ ಕಟ್ಟಿ ಹಲಗೆಯ ಸದ್ದಿಗೆ ರಾತ್ರಿ ಬೀದಿ ಬೀದಿಯಲ್ಲಿ ಕುಣಿಯುವುದು. 2020, 2022, 2024 ಜಾತ್ರೆಯ ವರ್ಷಗಳು. ನಡುವಿನ ವರ್ಷಗಳು ಬೇಡನವು. ನೀವೆಲ್ಲ ಇದನ್ನು ನೋಡಿಕೊಂಡೇ ಬೆಳೆದವರು. ಇಲ್ಲಿ ಕೂತವರಲ್ಲಿ ಅರ್ಧ ಜನ ಚಿಕ್ಕಂದಿನಲ್ಲಿ ಬೇಡನನ್ನು ನೋಡಿ ಅಪ್ಪನ ಹಿಂದೆ ಅವಿತುಕೊಂಡವರೇ, ಅಲ್ವಾ?

ಈ ಸಲ ಬೇಡನ ಸರದಿ. ಹಾಗಾಗಿ ಅವನ ಬಗ್ಗೆ ಮಾತಾಡಬೇಕು ಅಂತ ನನ್ನನ್ನು ಕರೆದಿದ್ದಾರೆ. ಆದರೆ ನಾನು ವೇಷ ಕಟ್ಟಿದವನಲ್ಲ. ಮೂರು ಹೋಳಿ ಹಗ್ಗ ಹಿಡಿದವನು. ಬೇಡನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಇದ್ದವನು. ನನಗೆ ಕಂಡ ಹಬ್ಬ ಆ ತುದಿಯಿಂದ ಕಂಡದ್ದು. ಅದನ್ನೇ ಹೇಳುತ್ತೇನೆ.

ಬೇಡನ ವೇಷ ಕಟ್ಟುವುದನ್ನು ಹತ್ತಿರದಿಂದ ನೋಡಿದವರು ಕಡಿಮೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರು ಮಾಡಿದರೆ ರಾತ್ರಿ ಹತ್ತಾದರೂ ಮುಗಿಯುವುದಿಲ್ಲ. ಮೊದಲು ಮುಖ. ಬಣ್ಣ ಬಳಿದು, ಅದರ ಮೇಲೆ ಹತ್ತಿ ಅಂಟಿಸಿ, ದಪ್ಪ ಹುಬ್ಬು, ಗಿರಿಜಾ ಮೀಸೆ ಮೂಡಿಸುತ್ತಾರೆ. ಆಮೇಲೆ ಕೆಂಪು ಬಟ್ಟೆ, ಕಾಲಿಗೆ ಗೆಜ್ಜೆ. ಕೊನೆಗೆ ಬೆನ್ನಿಗೆ ನವಿಲುಗರಿ ಕಟ್ಟುತ್ತಾರೆ. ಗರಿಗಳನ್ನು ಬೀಸಣಿಗೆಯ ಹಾಗೆ ಹರಡಿ ಎದೆಗೆ, ಹೊಟ್ಟೆಗೆ ಸುತ್ತು ಹಾಕಿ ಬಿಗಿಯುತ್ತಾರೆ. ಸಡಿಲ ಬಿಟ್ಟರೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಜಾರುತ್ತದೆ. ಬಿಗಿಯುವವನು ಪ್ರತಿ ಸುತ್ತಿಗೂ "ಉಸಿರು ಎಳಿ" ಅನ್ನುತ್ತಾನೆ. ವೇಷದವನು ಎಳೆಯುತ್ತಾನೆ. ಮೀಸೆ ಅಂಟಿಸಿದ ಮೇಲೆ ಅವನು ನಗುವ ಹಾಗಿಲ್ಲ, ಊಟ ಮಾಡುವ ಹಾಗಿಲ್ಲ. ನೀರು ಬೇಕಾದರೆ ಯಾರಾದರೂ ಬಾಯಿಗೆ ಎತ್ತಿ ಹೊಯ್ಯಬೇಕು. ನಮ್ಮ ಕೇರಿಯಲ್ಲಿ ಆ ಕೆಲಸ ಅವನ ತಮ್ಮನದಾಗಿತ್ತು. ಹತ್ತು ವರ್ಷದ ಹುಡುಗ, ತಂಬಿಗೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದ. ಅಣ್ಣ ಕಣ್ಣು ಮಿಟುಕಿಸಿದರೆ ನೀರು ಅಂತ ಅರ್ಥ.

ಆಮೇಲೆ ಢಾಲು, ಕತ್ತಿ ಕೈಗೆ ಕೊಡುತ್ತಾರೆ. ಅಲ್ಲಿಗೆ ಅವನು ನಮ್ಮ ಗೆಳೆಯ ಅಲ್ಲ. ನಿಜ ಹೇಳುತ್ತೇನೆ, ದಿನಾ ಜೊತೆಗೆ ಚಹಾ ಕುಡಿಯುವವನೇ ಆಗಿದ್ದರೂ ಆ ಹೊತ್ತಿಗೆ ಅವನ ಕಣ್ಣು ನೋಡಿದರೆ ನನಗೆ ಮಾತು ಹೊರಡುತ್ತಿರಲಿಲ್ಲ.

ಈ ವೇಷದ ಹಿಂದಿನ ಕಥೆ ನಿಮಗೆ ಗೊತ್ತು. ಕೇರಿಗೊಂದು ಥರ ಹೇಳುತ್ತಾರೆ, ನಾನು ಕೇಳಿದ್ದನ್ನು ಹೇಳುತ್ತೇನೆ. ಶಿರಸಿ ಹತ್ತಿರದ ಸೋದೆಯ ಅರಸರ ಕಾಲ. ಊರು ಕಾಯಲಿ ಅಂತ ಮಲ್ಲೇಶಿ ಅನ್ನುವ ಬೇಡರ ಪೈಕಿಯ ಶೂರನನ್ನು ನೇಮಿಸಿದರಂತೆ. ಮೊದಮೊದಲು ಚೆನ್ನಾಗಿಯೇ ಕಾದ. ಜನ ಹೊಗಳಿದರು. ಹೊಗಳಿಕೆ ತಲೆಗೇರಿತು. ಕಾಯಬೇಕಾದವನೇ ಊರಿನ ಹೆಣ್ಣುಮಕ್ಕಳಿಗೆ ಕಾಟ ಕೊಡಲು ಶುರು ಮಾಡಿದ. ಯಾರಿಗೂ ಎದುರು ಮಾತಾಡುವ ಧೈರ್ಯ ಇಲ್ಲ. ಆಗ ದಾಸಪ್ಪ ಶೆಟ್ಟಿಯ ಮಗಳು ರುದ್ರಾಂಬಿಕೆ ತಾನೇ ಮುಂದೆ ಬಂದು ಅವನನ್ನು ಮದುವೆಯಾದಳು. ಹೋಳಿಯ ರಾತ್ರಿ ಅವನು ಮೈಮರೆತು ಕುಣಿಯುತ್ತಿದ್ದಾಗ ಮುಖಕ್ಕೆ ಉರಿಯುವಂಥದ್ದೇನೋ ಎರಚಿದಳು. ಕಣ್ಣು ಹೋದ ಮಲ್ಲೇಶಿ ಕತ್ತಿ ಹಿಡಿದು ಅವಳ ಮೇಲೆ ನುಗ್ಗಿದ. ಊರವರು ಹಗ್ಗ ಹಾಕಿ ಅವನನ್ನು ಹಿಡಿದರು. ಅವನನ್ನು ಸುಟ್ಟ ಬೆಂಕಿಗೆ ರುದ್ರಾಂಬಿಕೆಯೂ ಹೋದಳು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಈ ಕಥೆಯಲ್ಲಿ ಧೈರ್ಯ ಮಾಡಿದ್ದು ಯಾರು? ಆ ಹುಡುಗಿ. ಬೀದಿಯಲ್ಲಿ ನಾವು ನೋಡುವುದು ಯಾರನ್ನು? ಮಲ್ಲೇಶಿಯನ್ನು. ನಾನು ಹಗ್ಗ ಹಿಡಿದ ತಂಡದಲ್ಲಿ ರುದ್ರಾಂಬಿಕೆಯ ವೇಷ ಇರಲಿಲ್ಲ. ಅವಳ ಹೆಸರು ಕೂಡ ಎಷ್ಟೋ ಹುಡುಗರಿಗೆ ಗೊತ್ತಿರಲಿಲ್ಲ. ಮಕ್ಕಳಿಗೆ ಬೇಡನನ್ನು ತೋರಿಸುವಾಗ ದಯವಿಟ್ಟು ಅವಳ ಕಥೆಯನ್ನೂ ಹೇಳಿ. ಮನೆಗೆ ಬಂದ ಮೇಲೆ, ಮಲಗಿಸುವಾಗ ಹೇಳಿ. ಅಷ್ಟಾದರೂ ನಾವು ಅವಳಿಗೆ ಮಾಡಬೇಕು.

ಈಗ ಹಗ್ಗಕ್ಕೆ ಬರೋಣ. ಕಥೆಯಲ್ಲಿ ಅವನನ್ನು ಹಿಡಿದ ಹಗ್ಗವೇ ಇವತ್ತಿಗೂ ಬೇಡನ ಸೊಂಟದಲ್ಲಿದೆ. ಹಿಂದೆ ಇಬ್ಬರು ಹಿಡಿದಿರುತ್ತಾರೆ. ನೋಡುವವರಿಗೆ ಅದು ವೇಷದ ಒಂದು ಭಾಗ ಅಷ್ಟೆ. ಹಿಡಿದವನಿಗೆ ಗೊತ್ತು ಅದರ ಕಷ್ಟ. ಬೇಡ ಜನರ ಮೇಲೆ ನುಗ್ಗಬೇಕು. ನುಗ್ಗದಿದ್ದರೆ ಕುಣಿತಕ್ಕೆ ಅರ್ಥ ಇಲ್ಲ. ಆದರೆ ಯಾರಿಗೂ ತಾಗಬಾರದು. ಹಗ್ಗ ಬಿಗಿ ಹಿಡಿದರೆ ಅವನಿಗೆ ಹೆಜ್ಜೆ ಬರುವುದಿಲ್ಲ, ಗೂಟಕ್ಕೆ ಕಟ್ಟಿದ ದನದ ಹಾಗೆ ಆಗುತ್ತದೆ. ಜಾಸ್ತಿ ಸಡಿಲ ಬಿಟ್ಟರೆ ಕತ್ತಿ ಜನರ ಮುಖದ ಹತ್ತಿರ ಹೋಗುತ್ತದೆ. ಮೊದಲು ಬಿಡಬೇಕು, ಆಮೇಲೆ ಎಳೆಯಬೇಕು. ಈ ಬಿಡುವುದಕ್ಕೂ ಎಳೆಯುವುದಕ್ಕೂ ನಡುವೆ ಹಲಗೆಯ ಒಂದು ಪೆಟ್ಟಿನಷ್ಟು ಹೊತ್ತು ಸಿಗುತ್ತದೆ, ಅಷ್ಟೇ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲನೇ ವರ್ಷ, ಎರಡನೇ ರಾತ್ರಿ. ಶಿವಾಜಿ ಚೌಕದ ಹತ್ತಿರ ಜನ ಕಿಕ್ಕಿರಿದಿದ್ದರು. ಜನರ ನಡುವೆ ನನ್ನ ಕಾಲೇಜಿನ ಗೆಳೆಯ ಕಂಡ. ಕೈ ಬೀಸಿದ. ನಾನೂ ಒಂದು ಕ್ಷಣ ಆ ಕಡೆ ನೋಡಿ ನಕ್ಕೆ. ಅಷ್ಟರಲ್ಲೇ ಬೇಡ ನುಗ್ಗಿದ. ಹಗ್ಗ ನನ್ನ ಅಂಗೈ ಒಳಗೆ ಜಾರಿಕೊಂಡು ಹೋಯಿತು. ಮುಂದಿನ ಸಾಲಿನಲ್ಲಿ ಅಜ್ಜಿಯ ಕೈ ಹಿಡಿದುಕೊಂಡು ಒಂದು ಪುಟ್ಟ ಹುಡುಗಿ ನಿಂತಿದ್ದಳು. ಇನ್ನೊಂದು ಹಗ್ಗ ಹಿಡಿದ ಹಿರಿಯರು ಮಂಡಿಯೂರಿ, ಪೂರ್ತಿ ಭಾರ ಹಾಕಿ ಎಳೆದರು. ಕತ್ತಿ ಆ ಮಗುವಿನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಮಗು ಅಳಲಿಲ್ಲ. ನನಗೆ ಮಾತ್ರ ಕಾಲು ನಡುಗಿತು.

ಹಿರಿಯರು ಎಲ್ಲರೆದುರು ಬೈಯಲಿಲ್ಲ. ಮುಂದಿನ ತಿರುವಿನಲ್ಲಿ ಹತ್ತಿರ ಬಂದು ಹೇಳಿದರು: "ಜನರನ್ನ ನೋಡ್ಬೇಡ ಮಾರಾಯ. ಅವ್ನ ಹಿಮ್ಮಡಿ ನೋಡು. ನುಗ್ಗೋಕೆ ಮೊದ್ಲು ಹಿಮ್ಮಡಿ ಮೇಲೆ ಏಳ್ತದೆ." ಮೂರು ವರ್ಷ ನಾನು ಬೇಡನ ಹಿಮ್ಮಡಿ ಬಿಟ್ಟು ಬೇರೇನೂ ನೋಡಲಿಲ್ಲ. ಅಂಗೈ ಸುಲಿದಿದ್ದಕ್ಕೆ ಅಮ್ಮ ಎಂಟು ದಿನ ಅರಿಶಿನ ಎಣ್ಣೆ ಹಚ್ಚಿದರು.

ಹಲಗೆಯ ಬಗ್ಗೆಯೂ ಹೇಳಬೇಕು. ಚರ್ಮದ ವಾದ್ಯ ಅದು. ರಾತ್ರಿ ಇಬ್ಬನಿ ಬಿದ್ದರೆ ಚರ್ಮ ಮೆತ್ತಗಾಗಿ ಸದ್ದು ಮಂಕಾಗುತ್ತದೆ. ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ ನಿಂತು ಹುಲ್ಲು, ತರಗೆಲೆ ಒಟ್ಟು ಮಾಡಿ ಬೆಂಕಿ ಹಾಕಿ ಹಲಗೆ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ನೋಡುತ್ತಾರೆ. ಸದ್ದು ಸರಿಯಾಗಲಿಲ್ಲ ಅಂದರೆ ಇನ್ನೊಂದು ಹಿಡಿ ಹುಲ್ಲು. ಆ ಐದು ನಿಮಿಷ ಬೇಡನೂ ಗೋಡೆಗೆ ಒರಗಿ ನಿಲ್ಲುತ್ತಾನೆ, ಗರಿ ಮುರಿಯದ ಹಾಗೆ ಒಂದೇ ಭುಜ ಒರಗಿಸಿ. ಯಾರೋ ಮನೆಯಿಂದ ಮಜ್ಜಿಗೆ ತರುತ್ತಾರೆ. ಹಬ್ಬದಲ್ಲಿ ನನಗೆ ತುಂಬ ಇಷ್ಟವಾದದ್ದು ಈ ಐದು ನಿಮಿಷಗಳೇ. ಆ ಬೆಂಕಿಯ ಸುತ್ತ ನಿಂತಾಗ, ಆ ಬೀದಿಯಲ್ಲಿ ಎಷ್ಟು ಮನೆ ಇದೆ, ಯಾರ ಮನೆಯಲ್ಲಿ ಯಾರಿದ್ದಾರೆ ಅನ್ನುವುದೆಲ್ಲ ಗೊತ್ತಾಗುತ್ತಿತ್ತು.

ಯಾಕೆ ಅಂದರೆ ಗೊತ್ತಿರಲೇಬೇಕಿತ್ತು. ಹೋಳಿ ಬರುವುದು ಮಾರ್ಚ್ ಆಸುಪಾಸಿನಲ್ಲಿ. ಪರೀಕ್ಷೆಯ ಕಾಲ. ಹುಣ್ಣಿಮೆಗೆ ಮೊದಲಿನ ನಾಲ್ಕೈದು ರಾತ್ರಿ ಹಲಗೆ ಬಡಿದುಕೊಂಡು ತಿರುಗಿದರೆ ಓದುವ ಮಕ್ಕಳ ಗತಿ ಏನು? ಈ ದೂರು ಸುಳ್ಳಲ್ಲ. ನಮ್ಮ ತಂಡದ ಹಿರಿಯರು ಒಂದು ಕ್ರಮ ಇಟ್ಟುಕೊಂಡಿದ್ದರು. ಹೊರಡುವ ಮೊದಲು ಯಾರ ಮನೆಯಲ್ಲಿ ಹತ್ತನೇ ತರಗತಿ ಇದೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದಾರೆ ಅಂತ ವಿಚಾರಿಸುತ್ತಿದ್ದರು. ಅಂಥ ಮನೆ ಮುಂದೆ ಹಲಗೆ ನಿಲ್ಲುತ್ತಿತ್ತು. ಗೆಜ್ಜೆಯ ಸದ್ದಿನಲ್ಲೇ ದಾಟುತ್ತಿದ್ದೆವು. ಒಂದು ಮನೆಯಲ್ಲಿ ಹಾಗೆ ದಾಟಿದಾಗ ಒಳಗಿಂದ ಒಬ್ಬ ಅಜ್ಜ ಕೂಗಿ ಹೇಳಿದರು: "ಬಡೀರೋ, ನಾ ಇನ್ನೂ ಸತ್ತಿಲ್ಲ!" ಮರಳಿ ಬಂದು ಅವರ ಅಂಗಳದಲ್ಲಿ ಪೂರ್ತಿ ಒಂದು ಆಟ ಕುಣಿದೆವು. ಮುಂದಿನ ಬೇಡನ ವರ್ಷಕ್ಕೆ ಅವರು ಇರಲಿಲ್ಲ.

ಜಾತ್ರೆಯ ವಿಷಯಕ್ಕೆ ಬಂದರೆ ಅಲ್ಲಿಯೂ ನನಗೆ ಕಾಣುವುದು ಈ ಹಗ್ಗವೇ, ಅಂದರೆ ಹಗ್ಗ ಹಿಡಿದವರ ಹೊಣೆಯೇ. ದೇವಿಕೆರೆಯಲ್ಲಿ ಸಿಕ್ಕ ದೇವಿಯನ್ನು 1688ರಲ್ಲಿ ಪ್ರತಿಷ್ಠೆ ಮಾಡಿದರು ಅನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಏಳು ಅಡಿ ಎತ್ತರದ ಮರದ ವಿಗ್ರಹ, ಎಂಟು ಕೈ, ಕೆಂಪು ಬಣ್ಣ. ಪೂಜೆ ಮಾಡುವವರು ವಿಶ್ವಕರ್ಮ ಸಮಾಜದವರು. ಮಂಗಳವಾರ ರಾತ್ರಿ ದೇವಿಯ ಕಲ್ಯಾಣ. ಬುಧವಾರ ಬೆಳಿಗ್ಗೆ ರಥ ಏರಿ ಬಿಡಕಿಬೈಲಿನ ಗದ್ದುಗೆಗೆ ಹೊರಡುತ್ತಾಳೆ. ಅಲ್ಲಿ ಒಂದು ವಾರ ಅವಳದೇ ಊರು. ಉಡಿ, ಹಣ್ಣುಕಾಯಿ, ಸಾಲು ಸಾಲು ಜನ.

ಆದರೆ ಜಾತ್ರೆ ಶುರುವಾಗುವುದು ಆ ಮಂಗಳವಾರ ಅಲ್ಲ. ವಾರಗಟ್ಟಲೆ ಮೊದಲೇ ಹೊರಬೀಡು, ಅಂದರೆ ಜಾತ್ರೆಗೆ ಮುಂಚಿನ ವಿಧಿಗಳು, ಶುರುವಾಗಿರುತ್ತದೆ. ರಥಕ್ಕೆ ಮರ ತರಬೇಕು. ರಥ ಕಟ್ಟಬೇಕು. ಚಪ್ಪರ ಹಾಕಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ಮನೆತನ ಇದೆ. ಬಾಬುದಾರರು ಅನ್ನುತ್ತೇವೆ. ಬೇರೆ ಬೇರೆ ಜಾತಿಯವರು, ಬೇರೆ ಬೇರೆ ಕೇರಿಯವರು. "ಇದು ನಮ್ಮ ಬಾಬು" ಅಂತ ಅವರು ಹೇಳುವಾಗ ಆ ದನಿಯನ್ನು ಗಮನಿಸಿ. ಅದರಲ್ಲಿ ಹಕ್ಕೂ ಇದೆ, ಹೊಣೆಯೂ ಇದೆ. ಮಗ ಪರಊರಿನಲ್ಲಿ ಕೆಲಸದಲ್ಲಿದ್ದರೂ ಜಾತ್ರೆಗೆ ರಜೆ ಹಾಕಿ ಬರುತ್ತಾನೆ. ಬಾರದಿದ್ದರೆ ಆ ಕೆಲಸ ಯಾರು ಮಾಡುತ್ತಾರೆ?

ಬಾಬು ಇಲ್ಲದ ಮನೆಯವರಿಗೂ ಜಾತ್ರೆಯಲ್ಲಿ ಕೆಲಸ ಇರುತ್ತದೆ, ಮರೆಯಬೇಡಿ. ನೆಂಟರನ್ನು ಕರೆಯುವುದೇ ಒಂದು ದೊಡ್ಡ ಕೆಲಸ. ನಮ್ಮ ಮನೆ ಎರಡು ಕೋಣೆಯದು. ಜಾತ್ರೆಯ ಗುರುವಾರ ಒಂದು ರಾತ್ರಿ ಇಪ್ಪತ್ಮೂರು ಜನ ಮಲಗಿದ್ದೆವು. ಕಂಬಳಿ ಸಾಲದೆ ಅಡಿಕೆ ಒಣಗಿಸುವ ತಟ್ಟಿನ ಚೀಲ ಬಿಚ್ಚಿ ಹಾಸಿದ್ದೆವು. ರಾತ್ರಿ ಎರಡು ಗಂಟೆಗೆ ನಾಟಕ ನೋಡಿಕೊಂಡು ಬಂದ ಭಾವ ಕತ್ತಲಲ್ಲಿ ಜಾಗ ಸಿಗದೆ ಬೆಳಗಿನ ತನಕ ಜಗಲಿಯ ಮೇಲೆ ಕೂತೇ ಇದ್ದರು. ಈಗಲೂ ಸಿಕ್ಕಾಗೆಲ್ಲ ಖುಷಿಯಿಂದ ಅದನ್ನೇ ನೆನೆಸಿಕೊಳ್ಳುತ್ತಾರೆ.

ಕೊನೆಯ ದಿನ ನಿಮಗೆ ಗೊತ್ತೇ ಇದೆ. ದೇವಿ ಗದ್ದುಗೆಯಿಂದ ಏಳುತ್ತಾಳೆ. ಜಾತ್ರೆಗೆಂದು ಹಾಕಿದ ಮಾತಂಗಿ ಚಪ್ಪರಕ್ಕೆ ಬೆಂಕಿ ಹಚ್ಚುತ್ತಾರೆ. ಮದುವೆಯ ಸಡಗರದಲ್ಲಿ ಶುರುವಾದ ಜಾತ್ರೆ ಸೂತಕದ ಮನೆಯ ಹಾಗೆ ಮುಗಿಯುತ್ತದೆ. ಆಮೇಲೆ ಯುಗಾದಿಯವರೆಗೆ ದೇವಿಯ ದರ್ಶನ ಇಲ್ಲ. ಯುಗಾದಿಯ ದಿನ ಮತ್ತೆ ಪ್ರತಿಷ್ಠೆ. ಮಧ್ಯದ ಈ ಖಾಲಿ ದಿನಗಳಲ್ಲಿ ದೇವಸ್ಥಾನದ ಮುಂದೆ ಹಾದುಹೋದರೆ ಮನಸ್ಸಿಗೆ ಒಂಥರಾ ಆಗುತ್ತದೆ. 2020ರಲ್ಲಿ ಇದು ಇನ್ನೂ ಜೋರಾಗಿ ತಟ್ಟಿತು. ಮಾರ್ಚ್‌ನಲ್ಲಿ ಜಾತ್ರೆ ಮುಗಿಯಿತು. ಎರಡು ವಾರಕ್ಕೆಲ್ಲ ಇಡೀ ದೇಶ ಬಾಗಿಲು ಹಾಕಿತು. ಮಾರ್ಚ್ 25, ಲಾಕ್‌ಡೌನ್‌ನ ಮೊದಲ ದಿನ. ಅವತ್ತೇ ಯುಗಾದಿ. ಹದಿನೈದು ದಿನದ ಹಿಂದೆ ಭುಜಕ್ಕೆ ಭುಜ ತಾಗಿಸಿ ನಿಂತ ಅದೇ ರಸ್ತೆಯಲ್ಲಿ ಒಂದು ಸೈಕಲ್ ಕೂಡ ಇರಲಿಲ್ಲ. ಅಮ್ಮ ಬೇವು ಬೆಲ್ಲ ಹಂಚಿ, ದೇವಸ್ಥಾನದ ದಿಕ್ಕಿಗೆ ತಿರುಗಿ ಬಾಗಿಲಲ್ಲೇ ನಿಂತು ಕೈ ಮುಗಿದರು.

ಹಬ್ಬ ಬದಲಾಗಬಾರದು ಅನ್ನುವವನು ನಾನಲ್ಲ. ಬದಲಾಗಿದೆ, ಒಳ್ಳೆಯದಕ್ಕೇ ಬದಲಾಗಿದೆ. 1934ರಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಶಿರಸಿಗೆ ಬಂದರು. ಜಾತ್ರೆಯಲ್ಲಿ ಕೋಣ ಕಡಿಯುವುದು ನಿಲ್ಲಬೇಕು ಅಂದರು. ಬಲಿ ನಿಂತಿತು. ಅಷ್ಟು ದೊಡ್ಡ ಆಚರಣೆಯನ್ನು ಕೈಬಿಟ್ಟರೂ ಜಾತ್ರೆ ಸೊರಗಲಿಲ್ಲ. ನಮ್ಮ ಹಿರಿಯರಿಗೆ ಆ ಎದೆಗಾರಿಕೆ ಇತ್ತು. ಇದು ನನಗೆ ಹೆಮ್ಮೆಯ ವಿಷಯ.

ಒಂದು ಚೂರು ಘಟ್ಟ ಇಳಿದು ಬರೋಣ. ನಾವು ಇಲ್ಲಿ ಹಲಗೆ ಕಾಯಿಸುವ ಅದೇ ದಿನಗಳಲ್ಲಿ ದೇವಿಮನೆ ಘಟ್ಟದ ಕೆಳಗೆ, ಕುಮಟಾ, ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ನಡೆಯುತ್ತಿರುತ್ತದೆ. ತಲೆಗೆ ಬೆಂಡಿನ ಹೂವಿನ ತುರಾಯಿ, ಮಣ್ಣಿನ ಗುಮಟೆ ವಾದ್ಯ, ಮನೆ ಮನೆಯ ಅಂಗಳದಲ್ಲಿ ಕುಣಿತ. ಅಂಕೋಲೆಯ ಸುಕ್ರಿ ಬೊಮ್ಮಗೌಡರು ಆ ಸಮಾಜದ ಹಾಡುಗಳನ್ನೆಲ್ಲ ಎದೆಯಲ್ಲಿ ಇಟ್ಟುಕೊಂಡಿದ್ದವರು. ಸಾರಾಯಿ ವಿರುದ್ಧ ಬೀದಿಗಿಳಿದು ಹೋರಾಡಿದವರೂ ಅವರೇ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಹೋದ ಸುದ್ದಿ ಬಂದಾಗ ನನಗೆ ಮೊದಲು ಬಂದ ಯೋಚನೆ ಒಂದೇ: ಅವರ ಪಕ್ಕದಲ್ಲಿ ಕೂತು ದನಿಗೂಡಿಸುತ್ತಿದ್ದ ಹೆಂಗಸರು ಎಲ್ಲಿದ್ದಾರೆ, ಅವರ ಪಕ್ಕದಲ್ಲಿ ಈಗ ಯಾರು ಕೂರುತ್ತಿದ್ದಾರೆ?

ಬೇಡರ ವೇಷ ಈಗ ವೇದಿಕೆಗೂ ಹೋಗಿದೆ. ಉತ್ಸವಗಳಲ್ಲಿ, ಮೆರವಣಿಗೆಗಳಲ್ಲಿ ಕರೆಯುತ್ತಾರೆ. ಹುಡುಗರಿಗೆ ನಾಲ್ಕು ಕಾಸು ಸಿಗುತ್ತದೆ, ಹೆಸರು ಬರುತ್ತದೆ. ಬೇಡ ಅನ್ನಲು ನಾನು ಯಾರು? ಆದರೆ ಒಮ್ಮೆ ವೇದಿಕೆಯ ಮೇಲೆ ನೋಡಿದಾಗ ಬೇಜಾರಾಯಿತು. ಹಗ್ಗ ಹಿಡಿದವರಿಬ್ಬರು ಸುಮ್ನೆ ನಿಂತಿದ್ದರು. ಜನ ದೂರದಲ್ಲಿ ಕುರ್ಚಿಯಲ್ಲಿದ್ದರು. ಬೇಡ ಯಾರ ಮೇಲೆ ನುಗ್ಗಬೇಕು? ಇವರು ಯಾರನ್ನು ಕಾಯಬೇಕು? ಹಗ್ಗ ನೆಲದ ಮೇಲೆ ಬಿದ್ದುಕೊಂಡಿತ್ತು. ಬೀದಿಯಲ್ಲಿ ಹಾಗಾಗುವುದಿಲ್ಲ. ಬೀದಿಯಲ್ಲಿ ಮುಂದಿನ ಸಾಲಿನ ಮಗು ನಮ್ಮ ಮಗು, ಅದಕ್ಕೆ ಏನೂ ಆಗಬಾರದು. ಆ ಚಿಂತೆ ಇರುವವರೆಗೆ ಮಾತ್ರ ಅದು ಹಬ್ಬ ಅಂತ ನನಗೆ ಅನಿಸುತ್ತದೆ.

ಇನ್ನೊಂದು ಕಷ್ಟ ಇದೆ. ವೇಷ ಕಟ್ಟಲು ಹುಡುಗರು ಸಿಗುತ್ತಾರೆ. ಕುಣಿಯುವ ಆಸೆ ಯಾರಿಗಿಲ್ಲ? ಫೋಟೊ ಬರುತ್ತದೆ, ವಿಡಿಯೊ ಊರೆಲ್ಲ ಓಡಾಡುತ್ತದೆ. ಹಗ್ಗ ಹಿಡಿಯಲು ಯಾರೂ ಸಿಗುವುದಿಲ್ಲ. ಫೋಟೊದಲ್ಲಿ ಹಗ್ಗದವನ ಒಂದು ಕೈ ಬಂದರೆ ಹೆಚ್ಚು. ಬೆಂಗಳೂರಿನಿಂದ ಎರಡು ದಿನ ರಜೆ ಹಾಕಿ ಬಂದವರು ನೋಡಿ ಹೋಗುತ್ತಾರೆ. ಹಗ್ಗಕ್ಕೆ ಎರಡು ದಿನ ಸಾಲದು. ಬೇಡನ ಹಿಮ್ಮಡಿ ಯಾವಾಗ ಏಳುತ್ತದೆ ಅನ್ನುವುದು ಅವನ ಜೊತೆ ನಾಲ್ಕು ರಾತ್ರಿ ತಾಲೀಮು ಮಾಡದೆ ಗೊತ್ತಾಗುವುದಿಲ್ಲ.

ನನಗೆ ಹಿಮ್ಮಡಿ ನೋಡಲು ಕಲಿಸಿದ ಆ ಹಿರಿಯರಿಗೆ ಈಗ ಮಂಡಿ ನೋವು. ಈ ಸಲ ಅವರು ಹಗ್ಗ ಹಿಡಿಯುವುದಿಲ್ಲ. ತಾಲೀಮಿಗೆ ಮಾತ್ರ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ನಮ್ಮ ಕೇರಿಯ ತಂಡಕ್ಕೆ ಇನ್ನೂ ಒಬ್ಬರು ಬೇಕು. ಕುಣಿಯಲು ಬರಬೇಕಾಗಿಲ್ಲ, ಮೈಯಲ್ಲಿ ಭಾರೀ ಬಲವೂ ಬೇಕಾಗಿಲ್ಲ. ಹುಡುಗಿಯರು ಬಂದರೂ ನನಗೆ ಸಂತೋಷವೇ, ರುದ್ರಾಂಬಿಕೆಯ ಊರು ಇದು. ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಬನ್ನಿ. ಅಂಗೈಗೆ ಸುತ್ತಿಕೊಳ್ಳಲು ಒಂದು ಹಳೇ ಪಂಚೆಯ ತುಂಡು ತನ್ನಿ. ಹಲಗೆ ಕಾಯಿಸಲು ಹುಲ್ಲು ನಾವು ತಂದಿಟ್ಟಿದ್ದೇವೆ.